ಏಳು ವರ್ಷದ ಮಗುವಿನ ಪವರ್ ಸೊನ್ನೆ ಇದ್ದರೆ ನಿಶ್ಚಿಂತರಾಗಿರಬಹುದೇ?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಮಗಳಿಗೆ ಏಳು ವರ್ಷ, ಎರಡನೇ ತರಗತಿ. ಶಾಲೆಯಲ್ಲಿ ಕಣ್ಣಿನ ತಪಾಸಣೆ ಮಾಡಿ ಕೊಟ್ಟ ಚೀಟಿಯಲ್ಲಿ ‘6/6, ಎಮ್ಮೆಟ್ರೋಪಿಯಾ’ ಎಂದಿತ್ತು. ಇದೂ ಮಯೋಪಿಯಾದಂಥದ್ದೇ ಒಂದು ತೊಂದರೆ ಎಂದು ಹೆದರಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಕಂಪ್ಯೂಟರ್ ಟೆಸ್ಟಿನಲ್ಲಿ ಮೊದಲು −0.75 ಬಂತು, ಡ್ರಾಪ್ಸ್ ಹಾಕಿ ನೋಡಿದ ಮೇಲೆ ಎರಡು ಕಣ್ಣಿಗೂ +0.25 ಎಂದರು. ‘ಎಮ್ಮೆಟ್ರೋಪಿಯಾ ಅಂದರೆ ನಾರ್ಮಲ್, ಕನ್ನಡಕ ಬೇಡ’ ಎಂದ ಡಾಕ್ಟರೇ ‘ಆದರೆ ಈ ವಯಸ್ಸಿಗೆ ಸ್ವಲ್ಪ ಬೇಗ ಆಯಿತು, ಆರು ತಿಂಗಳಿಗೆ ಮತ್ತೆ ತೋರಿಸಿ’ ಎಂದೂ ಹೇಳಿದರು. ನಾರ್ಮಲ್ ಆಗಿದ್ದರೆ ಮತ್ತೆ ತೋರಿಸುವುದು ಯಾಕೆ? ಪತಿಗೆ −3.5 ಇದೆ. ನನಗೆ −5 ಇತ್ತು, ಹತ್ತು ವರ್ಷದ ಹಿಂದೆ ಲೇಸಿಕ್ ಮಾಡಿಸಿಕೊಂಡು ಈಗ ಸೊನ್ನೆ. ಅತ್ತೆಯವರು ಕ್ಯಾರೆಟ್, ಹೊನಗೊನ್ನೆ ಸೊಪ್ಪು ಕೊಡಿ, ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಬಿಡಿ ಎನ್ನುತ್ತಾರೆ. ಅಂಗಡಿಯವರು ಬ್ಲೂ ಕಟ್ ಗ್ಲಾಸ್ ಹಾಕಿಸಿ ಎಂದರು. ಸ್ನೇಹಿತೆಯ ಮಗನಿಗೆ ದಿನಾ ರಾತ್ರಿ ಅಟ್ರೋಪಿನ್ ಡ್ರಾಪ್ಸ್ ಹಾಕುತ್ತಿದ್ದಾರೆ. ನಾವೂ ಶುರು ಮಾಡಬೇಕೇ?

ಉತ್ತರ: ಮೊದಲಿಗೆ ಭಯ ಬಿಡಿ. ಎಮ್ಮೆಟ್ರೋಪಿಯಾ ಕಾಯಿಲೆಯ ಹೆಸರಲ್ಲ. ಕಣ್ಣು ಯಾವ ಶ್ರಮವನ್ನೂ ಪಡದೆ ವಿಶ್ರಾಂತಿಯಲ್ಲಿರುವಾಗ, ದೂರದಿಂದ ಬಂದ ಬೆಳಕು ಕನ್ನಡಕದ ನೆರವಿಲ್ಲದೆ ನೇರವಾಗಿ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮೇಲೆಯೇ ಕೂಡಿದರೆ ಆ ಸ್ಥಿತಿಗೆ ಹಾಗೆನ್ನುತ್ತಾರೆ. ಬೆಳಕು ರೆಟಿನಾಕ್ಕಿಂತ ಮುಂದೆಯೇ ಕೂಡಿದರೆ ಅದು ಮೈನಸ್ ಪವರಿನ ಸಮೀಪದೃಷ್ಟಿ, ಅಂದರೆ ನೀವು ಹೆದರಿದ ಮಯೋಪಿಯಾ. ರೆಟಿನಾದ ಹಿಂದಕ್ಕೆ ಹೋದರೆ ಪ್ಲಸ್ ಪವರಿನ ದೂರದೃಷ್ಟಿ. ಈ ಮೂರನ್ನೂ ಇಂದಿನ ಅರ್ಥದಲ್ಲಿ ವಿಂಗಡಿಸಿ, ಎಮ್ಮೆಟ್ರೋಪಿಯಾ ಎಂಬ ಹೆಸರನ್ನು ಬಳಕೆಗೆ ತಂದವರು ಹಾಲೆಂಡಿನ ಯೂಟ್ರೆಕ್ಟ್ ನಗರದ ವೈದ್ಯ ಫ್ರಾನ್ಸಿಸ್ಕಸ್ ಡಾಂಡರ್ಸ್, 1864ರಲ್ಲಿ. ಆದರೆ ನಿಮಗೆ ಇಬ್ಬಗೆಯಾಗಿ ಕೇಳಿಸಿದ ಡಾಕ್ಟರ ಮಾತಿನ ಎರಡೂ ಭಾಗಗಳು ಸರಿಯಾಗಿವೆ. ಇಪ್ಪತ್ತೈದರ ವಯಸ್ಸಿನಲ್ಲಿ ಸೊನ್ನೆ ಪವರ್ ಇದ್ದರೆ ನಾವು ಫೈಲು ಮುಚ್ಚಿ ಕಳಿಸುತ್ತೇವೆ. ಏಳರ ವಯಸ್ಸಿನಲ್ಲಿ ಅದೇ ಸೊನ್ನೆ ಕಂಡರೆ ಮುಂದಿನ ತಪಾಸಣೆಯ ದಿನ ಬರೆದುಕೊಡುತ್ತೇವೆ. ಕಾರಣ ತಿಳಿಯಬೇಕಾದರೆ ಕಣ್ಣು ಬೆಳೆಯುವ ಬಗೆಯನ್ನು ಸ್ವಲ್ಪ ನೋಡಬೇಕು.

ದೊಡ್ಡವರ ಕಣ್ಣಿನ ಒಟ್ಟು ಫೋಕಸ್ ಶಕ್ತಿ ಸುಮಾರು 60 ಡಯಾಪ್ಟರ್ (ಕನ್ನಡಕದ ಪವರನ್ನು ಅಳೆಯುವುದೂ ಇದೇ ಮಾನದಲ್ಲಿ). ಇದರಲ್ಲಿ 43ರಷ್ಟು ಮುಂಭಾಗದ ಪಾರದರ್ಶಕ ಕಾರ್ನಿಯಾದ್ದು, ಉಳಿದದ್ದು ಒಳಗಿನ ಮಸೂರದ್ದು. ಕಣ್ಣುಗುಡ್ಡೆಯ ಉದ್ದ, ಅಂದರೆ ಮುಂದಿನ ಕಾರ್ನಿಯಾದಿಂದ ಹಿಂದಿನ ರೆಟಿನಾದವರೆಗಿನ ಅಳತೆ, ಸುಮಾರು 23.5ರಿಂದ 24 ಮಿ.ಮೀ. ಈ ಶಕ್ತಿಗೂ ಈ ಉದ್ದಕ್ಕೂ ಹೊಂದಾಣಿಕೆ ಇದ್ದರೆ ಪವರ್ ಸೊನ್ನೆ. ಹೀಗಾಗಿ 22.5 ಮಿ.ಮೀ. ಉದ್ದದ ಕಣ್ಣೂ, 25 ಮಿ.ಮೀ. ಉದ್ದದ ಕಣ್ಣೂ ಸೊನ್ನೆ ಪವರಿನದಾಗಿರಬಹುದು. ಮೊದಲನೆಯದರ ಕಾರ್ನಿಯಾ ಹೆಚ್ಚು ಬಾಗಿರುತ್ತದೆ, ಎರಡನೆಯದರದು ಚಪ್ಪಟೆಯಾಗಿರುತ್ತದೆ, ಅಷ್ಟೆ. ಹೊಂದಾಣಿಕೆ ತಪ್ಪಿ ಉದ್ದ ಒಂದು ಮಿಲಿಮೀಟರ್ ಹೆಚ್ಚಾದರೂ ಎರಡೂವರೆಯಿಂದ ಮೂರರಷ್ಟು ಮೈನಸ್ ಪವರ್ ಬಂದುಬಿಡುತ್ತದೆ.

ಹುಟ್ಟಿದ ಮಗುವಿನ ಕಣ್ಣು ಸುಮಾರು 17 ಮಿ.ಮೀ. ಉದ್ದವಿದ್ದು, ಬಹುಪಾಲು ಶಿಶುಗಳಿಗೆ ಪ್ಲಸ್ ಎರಡರ ಆಸುಪಾಸಿನ ಪವರ್ ಇರುತ್ತದೆ. ಮೊದಲ ಒಂದೂವರೆ ವರ್ಷದಲ್ಲಿ ಕಣ್ಣು ವೇಗವಾಗಿ ಉದ್ದವಾಗಿ ಆ ಪ್ಲಸ್ಸಿನ ಹೆಚ್ಚಿನ ಭಾಗ ಕರಗುತ್ತದೆ. ಆಮೇಲೆ ಬೆಳವಣಿಗೆ ನಿಧಾನವಾಗುತ್ತದೆ. ಆ ಹಂತದಲ್ಲಿ ಕಣ್ಣು ಉದ್ದವಾದಷ್ಟೂ ಒಳಗಿನ ಮಸೂರ ತೆಳುವಾಗಿ, ಚಪ್ಪಟೆಯಾಗಿ ತನ್ನ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ. ಒಂದು ಏರಿದಷ್ಟು ಇನ್ನೊಂದು ಇಳಿಯುವುದರಿಂದ ಫೋಕಸ್ ಕೆಡುವುದಿಲ್ಲ. ಈ ಬೆಳವಣಿಗೆ ಕುರುಡಾಗಿ ನಡೆಯುವುದಲ್ಲ, ರೆಟಿನಾದ ಮೇಲೆ ಬೀಳುವ ಚಿತ್ರ ಎಷ್ಟು ಸ್ಪಷ್ಟವಾಗಿದೆ ಎಂಬುದನ್ನು ಅನುಸರಿಸಿ ಕಣ್ಣು ತನ್ನ ಉದ್ದವನ್ನು ತಿದ್ದಿಕೊಳ್ಳುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಗೊತ್ತಾಗಿದೆ. ಮರಿಕೋತಿಗಳ ಕಣ್ಣುರೆಪ್ಪೆಯನ್ನು ಹೊಲಿದು ಸ್ಪಷ್ಟ ಚಿತ್ರವೇ ಬೀಳದಂತೆ ಮಾಡಿದಾಗ ಆ ಕಣ್ಣುಗಳು ಮಿತಿಮೀರಿ ಉದ್ದವಾಗಿ ಸಮೀಪದೃಷ್ಟಿಯವಾದದ್ದನ್ನು ಟಾರ್ಸ್ಟನ್ ವೀಸೆಲ್ ಮತ್ತು ಎಲಿಯೊ ರಾವಿಯೋಲಾ 1977ರಲ್ಲಿ ವರದಿ ಮಾಡಿದರು.

ಮಗುವಿನ ಕಣ್ಣಿಗೆ ಹನ್ನೆರಡು ಹದಿಮೂರರವರೆಗೂ, ಕೆಲವರಿಗೆ ಅದರಾಚೆಗೂ ಬೆಳೆಯುವುದಿದೆ. ಆದ್ದರಿಂದ ಆರೇಳು ವರ್ಷದಲ್ಲಿ ಉಳಿದಿರುವ ಸ್ವಲ್ಪ ಪ್ಲಸ್ ಪವರ್ ಮುಂದಿನ ವರ್ಷಗಳ ಬೆಳವಣಿಗೆಗೆ ಇಟ್ಟುಕೊಂಡ ಇಡುಗಂಟಿದ್ದಂತೆ. ಅಮೆರಿಕದಲ್ಲಿ ಸಾವಿರಾರು ಶಾಲಾ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ಮಗುವಿಗೆ ಮುಂದೆ ಮೈನಸ್ ಬರುತ್ತದೆ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಮುಂಚಿತವಾಗಿ ತಿಳಿಸಿದ್ದು ಡ್ರಾಪ್ಸ್ ಹಾಕಿ ಅಳೆದ ಪವರೇ. ಒಂದನೇ ತರಗತಿಯಲ್ಲಿ +0.75ಕ್ಕಿಂತ ಕಡಿಮೆ, ಎರಡು ಮತ್ತು ಮೂರನೇ ತರಗತಿಯಲ್ಲಿ +0.50 ಅಥವಾ ಅದಕ್ಕಿಂತ ಕಡಿಮೆ ಇದ್ದ ಮಕ್ಕಳು ಹೆಚ್ಚು ಅಪಾಯದ ಗುಂಪಿಗೆ ಸೇರಿದ್ದರು. ನಿಮ್ಮ ಮಗಳ +0.25 ಈ ಗೆರೆಯ ಕೆಳಗಿದೆ. ಆಕೆಗೆ ಮೈನಸ್ ಬಂದೇ ಬರುತ್ತದೆ ಎಂದು ಇದರಿಂದ ತೀರ್ಮಾನಿಸಬೇಡಿ. ಇಂಥ ಎಷ್ಟೋ ಮಕ್ಕಳು ಕನ್ನಡಕವಿಲ್ಲದೆ ಕಾಲೇಜು ಮುಗಿಸಿದ್ದಾರೆ. ಆದರೆ ಆರು ತಿಂಗಳಿಗೊಮ್ಮೆ ನೋಡಬೇಕಾದ ಮಕ್ಕಳ ಪಟ್ಟಿಯಲ್ಲಿ ಆಕೆಯ ಹೆಸರಿರಬೇಕು.

ಶಾಲೆಯ ಚೀಟಿಯ ಬಗ್ಗೆಯೂ ಒಂದು ಮಾತು. 6/6 ಎಂಬುದು ದೃಷ್ಟಿಯ ಅಳತೆ: ಆರು ಮೀಟರ್ ದೂರದಲ್ಲಿಟ್ಟ, ಹೆಚ್ಚುಕಡಿಮೆ 9 ಮಿ.ಮೀ. ಎತ್ತರದ ಅಕ್ಷರವನ್ನು ಮಗು ಓದಿತು ಎಂದಷ್ಟೇ ಅದರ ಅರ್ಥ. ಎಮ್ಮೆಟ್ರೋಪಿಯಾ ಪವರಿನ ಅಳತೆ. ಎರಡೂ ಒಂದೇ ಅಲ್ಲ. ಪ್ಲಸ್ ಎರಡು ಇರುವ ಮಗುವೂ ಫೋಕಸ್ ಸ್ನಾಯುವನ್ನು ಬಿಗಿಹಿಡಿದು 6/6 ಓದಿಬಿಡಬಲ್ಲದು. ಪವರ್ ಸರಿಯಾಗಿ ಸೊನ್ನೆ ಇದ್ದೂ ಸೋಮಾರಿ ಕಣ್ಣಿನಿಂದಲೋ ರೆಟಿನಾದ ದೋಷದಿಂದಲೋ ಕೊನೆಯ ಸಾಲು ಓದಲಾಗದ ಮಗುವೂ ಇರುತ್ತದೆ. ಶಾಲಾ ತಪಾಸಣೆಯ ಉದ್ದೇಶ ಕಾಣಿಸದ ಮಕ್ಕಳನ್ನು ಹುಡುಕಿ ತೆಗೆಯುವುದು, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಡ್ರಾಪ್ಸ್ ಹಾಕದೆ ಮಗುವಿಗೆ ‘ಎಮ್ಮೆಟ್ರೋಪಿಯಾ’ ಎಂದು ಬರೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕಂಪ್ಯೂಟರ್ ಟೆಸ್ಟಿನಲ್ಲಿ −0.75 ಬಂದು, ಡ್ರಾಪ್ಸ್ ಹಾಕಿದ ಮೇಲೆ +0.25 ಆದದ್ದು ನಿಮಗೆ ಯಂತ್ರದ ದೋಷವೆನಿಸಿರಬಹುದು. ಅಲ್ಲಿ ನಡೆಯುವುದು ಇಷ್ಟು: ಮಗು ಗದ್ದವನ್ನು ಪಟ್ಟಿಯ ಮೇಲಿಟ್ಟು ಒಳಗೆ ಇಣುಕಿದಾಗ ದೂರದ ರಸ್ತೆಯ ಕೊನೆಯಲ್ಲಿ ಒಂದು ಬಣ್ಣದ ಬಲೂನು ಕಾಣುತ್ತದೆ, ಅದು ಒಮ್ಮೆ ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತದೆ. ಆ ಬಲೂನು ದೂರದಲ್ಲಿದೆ ಎಂದು ಕಣ್ಣನ್ನು ನಂಬಿಸಿ ಫೋಕಸ್ ಸ್ನಾಯುವನ್ನು ಸಡಿಲಗೊಳಿಸುವುದು ಯಂತ್ರದ ಉಪಾಯ. ದೊಡ್ಡವರ ಕಣ್ಣು ಹಾಗೆ ಸಡಿಲವಾಗುತ್ತದೆ. ಮಕ್ಕಳಿಗೆ ಮಾತ್ರ ಡಬ್ಬಿಯೊಳಗಿನ ಚಿತ್ರ ಮೂಗಿನ ತುದಿಯಲ್ಲೇ ಇದೆ ಎಂದು ಗೊತ್ತಿರುತ್ತದೋ ಏನೋ, ಸ್ನಾಯು ಬಿಗಿದೇ ಇರುತ್ತದೆ, ಯಂತ್ರ ಆ ಬಿಗಿತವನ್ನೇ ಮೈನಸ್ ಎಂದು ಓದುತ್ತದೆ. ಸೈಕ್ಲೋಪೆಂಟೋಲೇಟ್ ಅಥವಾ ಹೋಮಾಟ್ರೋಪಿನ್ ಹನಿ ಹಾಕಿ ಮುಕ್ಕಾಲು ಗಂಟೆ ಕೂರಿಸುವುದು ಆ ಸ್ನಾಯುವನ್ನು ಸಡಿಲಿಸುವುದಕ್ಕಾಗಿಯೇ. ಆಮೇಲೆ ಕತ್ತಲೆ ಕೋಣೆಯಲ್ಲಿ ರೆಟಿನೋಸ್ಕೋಪಿನ ಬೆಳಕಿನ ಗೆರೆಯನ್ನು ಪಾಪೆಯ ಮೇಲೆ ಆಡಿಸಿ, ಒಳಗಿನ ಕೆಂಪು ಹೊಳಪು ಆ ಗೆರೆಯ ಜೊತೆಗೇ ಸರಿಯುತ್ತದೆಯೋ ಎದುರಾಗಿ ಸರಿಯುತ್ತದೆಯೋ ಎಂದು ನೋಡುತ್ತಾ, ಅದು ಸರಿಯುವುದು ನಿಲ್ಲುವವರೆಗೆ ಒಂದೊಂದೇ ಮಸೂರ ಹಿಡಿದು ನಿಜವಾದ ಪವರನ್ನು ಕಂಡುಹಿಡಿಯುತ್ತೇವೆ. ನೀವು ನಂಬಬೇಕಾದದ್ದು ಆ +0.25 ಅನ್ನು. ಡ್ರಾಪ್ಸ್ ಹಾಕದೆ ಅಂಗಡಿಯ ಕಂಪ್ಯೂಟರ್ ತೋರಿಸಿದ ಸಂಖ್ಯೆಗೇ ಮೈನಸ್ ಕನ್ನಡಕ ಮಾಡಿಸಿಕೊಂಡು ಬರುವ ಮಕ್ಕಳನ್ನು ನಾವು ಆಗಾಗ ನೋಡುತ್ತೇವೆ. ಬೇಕಿಲ್ಲದ ಮೈನಸ್ ಹಾಕಿಕೊಂಡ ಕಣ್ಣು ದಿನವಿಡೀ ಹೆಚ್ಚುವರಿ ಶ್ರಮ ಪಡಬೇಕಾಗುತ್ತದೆ.

ಇನ್ನು ವಂಶದ ಮಾತು. ತಂದೆ ತಾಯಿ ಇಬ್ಬರಿಗೂ ಸಮೀಪದೃಷ್ಟಿ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಖಂಡಿತವಾಗಿ ಹೆಚ್ಚು. ನಿಮ್ಮ ಪವರ್ ಈಗ ಸೊನ್ನೆ ಎಂದು ಬರೆದಿದ್ದೀರಿ. ಲೇಸಿಕ್ ಮಾಡಿದ್ದು ಕಾರ್ನಿಯಾವನ್ನು ಚಪ್ಪಟೆಗೊಳಿಸಿದ್ದಷ್ಟೇ. ಕಣ್ಣುಗುಡ್ಡೆ ಅಂದು ಎಷ್ಟು ಉದ್ದವಿತ್ತೋ ಇಂದೂ ಅಷ್ಟೇ ಇದೆ, ಹಿಂದಿನ ರೆಟಿನಾ ಅಷ್ಟೇ ಎಳೆದು ತೆಳುವಾಗಿದೆ, ಮಗಳಿಗೆ ಹೋಗಿರುವ ವಂಶವಾಹಿಗಳು −5ರ ಕಣ್ಣಿನವೇ. ಮಗಳ ಲೆಕ್ಕಕ್ಕೆ ಬಂದಾಗ ನಿಮ್ಮ ಮನೆಯಲ್ಲಿ ಇಬ್ಬರೂ ಸಮೀಪದೃಷ್ಟಿಯವರೇ. ಇದರ ಜೊತೆಗೆ, ಕನ್ನಡಕ ಹೋದ ಮೇಲೆ ಕಣ್ಣಿನ ಡಾಕ್ಟರ ಕಡೆ ತಲೆ ಹಾಕದವರಲ್ಲಿ ನೀವೂ ಒಬ್ಬರಾಗಿದ್ದರೆ, ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ. ಉದ್ದನೆಯ ಕಣ್ಣಿಗೆ ರೆಟಿನಾ ಹರಿಯುವ, ಕಳಚುವ ಅಪಾಯ ಲೇಸಿಕ್ ನಂತರವೂ ಹಾಗೆಯೇ ಉಳಿದಿರುತ್ತದೆ.

ಕನ್ನಡಕ ಒಂದು ದೊಡ್ಡ ವಿಷಯವೇ, ಬಂದರೆ ಹಾಕಿಕೊಂಡರಾಯಿತು ಎನ್ನುವವರಿದ್ದಾರೆ. ಹದಿನಾರರಲ್ಲಿ ಬರುವ −1ಕ್ಕೆ ನಾನೂ ಹಾಗೇ ಹೇಳುತ್ತೇನೆ. ಏಳೆಂಟು ವರ್ಷಕ್ಕೇ ಶುರುವಾದ ಮೈನಸ್ಸಿಗೆ ಏರಲು ಬಹಳ ವರ್ಷಗಳಿರುತ್ತವೆ. −6 ದಾಟಿದರೆ ಮುಂದಿನ ಬದುಕಿನಲ್ಲಿ ರೆಟಿನಾ ಕಳಚುವುದು, ರೆಟಿನಾದ ನಡುಭಾಗ ಸವೆಯುವುದು, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ, ಇವುಗಳ ಸಾಧ್ಯತೆ ಹೆಚ್ಚುತ್ತದೆ. ಒಂದೆರಡು ವರ್ಷ ತಡವಾಗಿ ಶುರುವಾದರೂ ಅದು ಲಾಭವೇ.

ತಡಮಾಡಿಸುವ ಉಪಾಯಗಳಲ್ಲಿ ನಾನು ಧೈರ್ಯವಾಗಿ ಎಲ್ಲರಿಗೂ ಹೇಳಬಹುದಾದದ್ದು ಬಯಲಿನ ಬೆಳಕು. ಚೀನಾದ ಗ್ವಾಂಗ್‌ಜೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಎರಡು ಗುಂಪು ಮಾಡಿ, ಅರ್ಧ ಶಾಲೆಗಳಲ್ಲಿ ದಿನವೂ 40 ನಿಮಿಷದ ಹೊರಾಂಗಣ ತರಗತಿಯೊಂದನ್ನು ಸೇರಿಸಿದರು. ಮೂರು ವರ್ಷದ ನಂತರ ಹಾಗೆ ಹೊರಗೆ ಕಳೆದ ಗುಂಪಿನಲ್ಲಿ ಶೇ. 30.4 ಮಕ್ಕಳಿಗೆ, ಎಂದಿನಂತೆ ಇದ್ದ ಗುಂಪಿನಲ್ಲಿ ಶೇ. 39.5 ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು. 2015ರಲ್ಲಿ ಪ್ರಕಟವಾದ ಈ ವ್ಯತ್ಯಾಸ ಪವಾಡದಷ್ಟು ದೊಡ್ಡದಲ್ಲ, ಆದರೆ ಔಷಧಿಯಿಲ್ಲದೆ, ಖರ್ಚಿಲ್ಲದೆ ಸಿಕ್ಕಿದ್ದು. ತೈವಾನಿನಲ್ಲಿ 2010ರಿಂದ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮವನ್ನೇ ನಡೆಸಿದ್ದಾರೆ. ಪ್ರಖರ ಬೆಳಕು ಬಿದ್ದಾಗ ರೆಟಿನಾದಲ್ಲಿ ಬಿಡುಗಡೆಯಾಗುವ ಡೋಪಮಿನ್ ಎಂಬ ರಾಸಾಯನಿಕ ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಇದಕ್ಕೆ ಈಗ ಹೆಚ್ಚು ಒಪ್ಪಿಗೆ ಪಡೆದಿರುವ ವಿವರಣೆ. ಗಮನಿಸಬೇಕಾದ್ದೆಂದರೆ, ಬಯಲಿನ ಬೆಳಕಿನ ಗುಣ ಸ್ಪಷ್ಟವಾಗಿ ಕಂಡಿರುವುದು ಮೈನಸ್ ಬರುವ ಮುಂಚೆ. ಬಂದ ಮೇಲೆ ಅದರ ಏರಿಕೆಯನ್ನು ತಡೆಯುವಲ್ಲಿ ಅಷ್ಟು ಬಲವಾದ ಪುರಾವೆ ಇಲ್ಲ. ನಿಮ್ಮ ಮಗಳು ಈಗ ಇರುವುದು ಆ ಮುಂಚಿನ ಅವಧಿಯಲ್ಲಿ.

ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ 300ರಿಂದ 500 ಲಕ್ಸ್ ಬೆಳಕಿದ್ದರೆ, ಬಯಲಿನ ಮರದ ನೆರಳಿನಲ್ಲೂ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಹಾಗಾಗಿ ಮಗುವನ್ನು ಮಟಮಟ ಮಧ್ಯಾಹ್ನದ ಬಿಸಿಲಿಗೆ ದೂಡಬೇಕಿಲ್ಲ, ಟೋಪಿ ಹಾಕಿದರೂ ತೊಂದರೆಯಿಲ್ಲ, ಆಷಾಢದ ಮೋಡ ಕವಿದ ಬೆಂಗಳೂರಿನ ದಿನವೂ ಮನೆಯೊಳಗಿಗಿಂತ ಎಷ್ಟೋ ಪಟ್ಟು ಬೆಳಕಿನದು. ಆದರೆ ಛಾವಣಿಯ ಕೆಳಗಿನ ಆಟ ಈ ಲೆಕ್ಕಕ್ಕೆ ಬರುವುದಿಲ್ಲ. ‘ಆಟಕ್ಕೆ ಸೇರಿಸಿದ್ದೇವಲ್ಲ ಡಾಕ್ಟ್ರೇ’ ಎಂದು ಹೇಳುವ ತಂದೆತಾಯಿಯರನ್ನು ಕೇಳಿದರೆ ಅದು ಒಳಾಂಗಣ ಬ್ಯಾಡ್ಮಿಂಟನ್ ಕೋರ್ಟೋ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಸ್ಕೇಟಿಂಗ್ ಕ್ಲಾಸೋ ಆಗಿರುತ್ತದೆ. ಮೈಗೆ ಒಳ್ಳೆಯದು, ಕಣ್ಣಿನ ಉದ್ದಕ್ಕೆ ಅದರಿಂದ ಏನೂ ಆಗದು. ಶಾಲೆಯ ವ್ಯಾನು ಮನೆ ಮುಟ್ಟುವಾಗ ನಾಲ್ಕೂವರೆಯಾದರೆ ಮುಂದಿನ ಒಂದೂವರೆ ಗಂಟೆ ಬೀದಿಯಲ್ಲೋ ಪಾರ್ಕಿನಲ್ಲೋ ಕಳೆಯಲಿ. ಅಬಾಕಸ್ಸು, ಟ್ಯೂಷನ್ನು, ಹೋಂವರ್ಕು ದೀಪ ಹಚ್ಚಿದ ಮೇಲೆ ಆಗಲಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇದು ತಿರುಗಾಮುರುಗಾ ನಡೆಯುತ್ತದೆ. ಶಾಲೆಯ ಬಿಡುವನ್ನೂ ಸೇರಿಸಿ ವಾರದ ದಿನಗಳಲ್ಲಿ ಎರಡು ಗಂಟೆ ತುಂಬದಿದ್ದರೆ ಶನಿವಾರ ಭಾನುವಾರ ಹೆಚ್ಚಿಸಿ.

ಹತ್ತಿರದ ಕೆಲಸದ ಬಗ್ಗೆ ಪುರಾವೆ ಅಷ್ಟು ನಿಖರವಾಗಿಲ್ಲದಿದ್ದರೂ ಎಚ್ಚರ ಒಳ್ಳೆಯದು. ಪುಸ್ತಕ ಮುಖದಿಂದ ಕನಿಷ್ಠ 30 ಸೆಂ.ಮೀ. ದೂರವಿರಲಿ, ಅರ್ಧ ಗಂಟೆಗೊಮ್ಮೆ ಎದ್ದು ಕಿಟಕಿಯಾಚೆ ನೋಡಲಿ. ಮೊಬೈಲಿನಲ್ಲಿ ನೋಡುವುದನ್ನೇ ಮೂರು ಮೀಟರ್ ದೂರದ ಟಿವಿಯಲ್ಲಿ ನೋಡಿದರೆ ಕಣ್ಣಿಗೆ ಹಗುರ.

ಅಟ್ರೋಪಿನ್ ವಿಷಯದಲ್ಲಿ ಸ್ನೇಹಿತೆಯ ಮಗನನ್ನು ನೋಡಿ ತೀರ್ಮಾನಿಸಬೇಡಿ. ಆ ಹುಡುಗನಿಗೆ ಈಗಾಗಲೇ ಮೈನಸ್ ಇದ್ದು ಅದು ಏರುತ್ತಿದ್ದರೆ, ಆ ಏರಿಕೆಯನ್ನು ನಿಧಾನಗೊಳಿಸಲು ಅವನಿಗೆ ಹಾಕುತ್ತಿರುವುದು ಸರಿ. ಇನ್ನೂ ಮೈನಸ್ ಬಾರದ, ಸೊನ್ನೆಯಿಂದ +1ರೊಳಗಿನ ಪವರಿದ್ದ ನಾಲ್ಕರಿಂದ ಒಂಬತ್ತು ವರ್ಷದ ಮಕ್ಕಳ ಮೇಲೆ ಹಾಂಗ್‌ಕಾಂಗಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯೊಂದಿದೆ. ಔಷಧಿಯಿಲ್ಲದ ಹನಿ ಹಾಕಿಸಿಕೊಂಡವರಲ್ಲಿ ಎರಡು ವರ್ಷದೊಳಗೆ ಶೇ. 53ರಷ್ಟು ಮಕ್ಕಳಿಗೆ ಮೈನಸ್ ಬಂದರೆ, 0.05% ಅಟ್ರೋಪಿನ್ ಹಾಕಿಸಿಕೊಂಡವರಲ್ಲಿ ಅದು ಶೇ. 28.4 ಮಾತ್ರ. ಆದರೆ ನಮ್ಮಲ್ಲಿ ವ್ಯಾಪಕವಾಗಿ ಬರೆದುಕೊಡುವ 0.01% ಹನಿ ಈ ಕೆಲಸದಲ್ಲಿ ಔಷಧಿಯಿಲ್ಲದ ಹನಿಗಿಂತ ಗಣನೀಯವಾಗಿ ಮೇಲಾಗಲಿಲ್ಲ. ಅಂದರೆ ಗುಣ ಬೇಕಾದರೆ ಹೆಚ್ಚು ಸಾಂದ್ರತೆಯ ಹನಿಯನ್ನು ಮಗುವಿಗೆ ವರ್ಷಗಟ್ಟಲೆ ದಿನವೂ ಹಾಕಬೇಕು. ಬಿಸಿಲಿಗೆ ಕಣ್ಣು ಚುಚ್ಚುವುದು, ಹತ್ತಿರದ್ದು ಕೆಲವೊಮ್ಮೆ ಮಸುಕಾಗುವುದು, ಅಪರೂಪಕ್ಕೆ ಕಣ್ಣಿನ ಅಲರ್ಜಿ ಇವುಗಳನ್ನು ಸಹಿಸಬೇಕು. ಥಟ್ಟನೆ ನಿಲ್ಲಿಸಿದರೆ ಪವರ್ ವೇಗವಾಗಿ ಏರಬಹುದು. ಎಂದೂ ಮೈನಸ್ ಬಾರದೇ ಇರಬಹುದಾಗಿದ್ದ ಮಗುವಿಗೂ ಇಷ್ಟೆಲ್ಲ ಮಾಡಿದಂತಾಗುವ ಸಂಭವವಿದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮಗಳಿಗೆ ಇವತ್ತೇ ಅದು ಬೇಡ. ಆರು ತಿಂಗಳಲ್ಲಿ ಪವರ್ ಸೊನ್ನೆಗಿಂತ ಕೆಳಗೆ ಜಾರಿದರೆ ಅಥವಾ ಕಣ್ಣಿನ ಉದ್ದ ನಿರೀಕ್ಷೆ ಮೀರಿ ಬೆಳೆದಿದ್ದರೆ ನಿಮ್ಮ ಡಾಕ್ಟರೊಡನೆ ಈ ಮಾತನ್ನು ಮತ್ತೆ ಎತ್ತಿ.

ನೀಲಿ ಬೆಳಕನ್ನು ತಡೆಯುವ ಬ್ಲೂ ಕಟ್ ಗ್ಲಾಸಿನ ಹಣ ಉಳಿಸಿ. ಅದು ಮೈನಸ್ ಬರುವುದನ್ನು ತಡೆಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಕ್ಯಾರೆಟ್ಟೂ ಹೊನಗೊನ್ನೆ ಸೊಪ್ಪೂ ಒಳ್ಳೆಯ ಆಹಾರ, ಎ ಜೀವಸತ್ವದ ಕೊರತೆಯಿಂದ ಇರುಳುಗುರುಡು ಬರುವುದೂ ನಿಜ, ಆದ್ದರಿಂದ ಅತ್ತೆಯವರ ಪಲ್ಯವನ್ನು ಬೇಡವೆನ್ನಬೇಡಿ. ಕಣ್ಣುಗುಡ್ಡೆಯ ಉದ್ದವನ್ನು ಮಾತ್ರ ಯಾವ ಸೊಪ್ಪೂ ಬದಲಿಸದು. ಹೂವಿನ ರಸವನ್ನು ಕಣ್ಣಿಗೆ ಬಿಡುವುದಂತೂ ಬೇಡವೇ ಬೇಡ. ಮನೆಯಲ್ಲಿ ಹಿಂಡಿದ ರಸದಲ್ಲಿ ಸೂಕ್ಷ್ಮಜೀವಿಗಳಿರುತ್ತವೆ, ಕಾರ್ನಿಯಾಕ್ಕೆ ಸೋಂಕು ತಗಲಿ ಹುಣ್ಣಾದರೆ ಅದರ ಬಿಳಿ ಕಲೆ ಶಾಶ್ವತವಾಗಿ ಉಳಿಯಬಹುದು. ಹಿರಿಯರಿಗೆ ಇದನ್ನು ಹೇಳುವುದು ನಿಮಗೆ ಮುಜುಗರವಾದರೆ ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರೇ ಹೇಳಲಿ.

ಆ ಭೇಟಿಯಲ್ಲಿ ಪವರಿನ ಜೊತೆಗೆ ಕಣ್ಣಿನ ಉದ್ದವನ್ನೂ ಅಳೆಸಿ ಬರೆಸಿಕೊಳ್ಳಿ. ಪೊರೆಯ ಆಪರೇಷನ್‌ಗೆ ಮುಂಚೆ ಲೆನ್ಸಿನ ಅಳತೆ ತೆಗೆಯುವ ಯಂತ್ರವೇ ಇದಕ್ಕೂ ಸಾಕು, ನಗರದ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಅದು ಇರುತ್ತದೆ, ನೋವಿಲ್ಲ, ಕಣ್ಣಿಗೆ ಏನೂ ತಾಗುವುದಿಲ್ಲ. ಈ ವಯಸ್ಸಿನಲ್ಲಿ ವರ್ಷಕ್ಕೆ 0.1ರಿಂದ 0.2 ಮಿ.ಮೀ. ಬೆಳೆಯುವುದು ಸಹಜ, 0.3 ದಾಟಿದರೆ, ಪವರ್ ಇನ್ನೂ ಸೊನ್ನೆಯಲ್ಲೇ ಇದ್ದರೂ, ನಾವು ಹತ್ತಿರದಿಂದ ಗಮನಿಸತೊಡಗುತ್ತೇವೆ. ಬೋರ್ಡು ನೋಡುವಾಗ ಕಣ್ಣು ಕಿರಿದು ಮಾಡುವುದು, ಟಿವಿಯ ಹತ್ತಿರಕ್ಕೆ ಸರಿಯುವುದು, ಒಂದು ಕಣ್ಣು ಮುಚ್ಚಿದಾಗ ಮಂಜಾಗಿದೆ ಎನ್ನುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಆರು ತಿಂಗಳು ಕಾಯಬೇಡಿ.

ಡ್ರಾಪ್ಸ್ ಹಾಕಿದ ದಿನ ಹತ್ತಿರದ್ದು ಮಸುಕಾಗಿ, ಬೆಳಕು ಚುಚ್ಚುವುದರಿಂದ ಪರೀಕ್ಷೆಯ ಹಿಂದಿನ ದಿನಗಳನ್ನು ಬಿಟ್ಟು ಶನಿವಾರ ನೋಡಿಕೊಳ್ಳಿ. ನಿಮ್ಮ ರೆಟಿನಾ ಪರೀಕ್ಷೆಯನ್ನೂ ಅದೇ ದಿನಕ್ಕೆ ಇಟ್ಟುಕೊಂಡರೆ ವಾಪಸ್ ಬರುವಾಗ ಗಾಡಿ ಓಡಿಸಲು ಪತಿಯವರೂ ಜೊತೆಗಿರಲಿ.